ಹದಿಮೂರನೇ ಕುಂಡ

ನವೆಂಬರ್ 8, 2009. ರವಿವಾರ

ಆಸ್ಪತ್ರಿ ನರ್ಸ್ ಈ ನೋಟ್‌ಬುಕ್ ಕೊಟ್ಟು ಹದಿನೈದು ದಿನ ಆತು. ನಿಮ್ಮ ಯಜಮಾನ್ರು ದಿನಾ ಏನು ತಿಂದ್ರು, ಎಷ್ಟು ತೂಗಿದ್ರು ಬರದಿಡ್ರಿ ಅಂದಿದ್ಳು. ಎರಡು ಪುಟ ಬರದು ಬಿಟ್ಟಿದ್ದೆ. ಗಂಜಿ, ಗಂಜಿ, ವಾಂತಿ. ಇದರಾಗ ಬರಿಯೂದೇನೈತಿ? ಇವತ್ತ ಮಾತ್ರ ಬರೀಲಿಕ್ಕೇ ಬೇಕು, ಯಾಕಂದ್ರ ಇದನ್ನ ಯಾರ ಮುಂದೂ ಹೇಳೂ ಹಂಗಿಲ್ಲ.

ಮಧ್ಯಾಹ್ನ ಅವ್ರು ಮಲಗಿದ್ರು. ದೊಡ್ಡ ಭಾಂಡೆ ಬೇಕಾಗಿತ್ತು ಅಂತ ಬೇಸ್‌ಮೆಂಟಿಗೆ ಇಳದೆ. ನನ್ನ ಮೊಣಕಾಲು ನೋಯ್ತಾವಂತ ನಾ ಕೆಳಗ ಹೋಗೂದು ವರ್ಷಕ್ಕ ಎರಡ ಸರ್ತಿ. ಅವ್ರು ಎರಡು ತಿಂಗಳಿಂದ "ಕೆಳಗ ಏನೋ ಒಂದು ಮಾಡಾಕತ್ತೀನಿ" ಅಂತಿದ್ರು. ಮೂವತ್ತು ವರ್ಷ ಕಾರಿನ ಪಾರ್ಟಿಗೆ ಅಚ್ಚು ಮಾಡಿದ ಇಂಜಿನಿಯರು, ಏನರ ಕುಟ್ಟತಾರ ಅಂತ ನಾ ಬಿಟ್ಟಿದ್ದೆ. ಹಿಂದಿನ ಸಣ್ಣ ಖೋಲಿಗೆ ಕೀಲಿ ಹಾಕೂದು ಮರತಿದ್ರು. ಬಾಗಲಾ ತಗದೆ. ಒಳಗ ಹಗಲಿನಕಿಂತ ಹೆಚ್ಚಿನ ಬೆಳಕು, ಚೈತ್ರದ ಬಿಸಿ, ಹನ್ನೆರಡು ಕುಂಡದಾಗ ಹಸರು ಹಸರು... ಪುಂಡಿ!

ಅಯ್ಯ ಶಿವನ, ನನ್ನ ಕಣ್ಣಾಗ ನೀರ ಬಂತು. ಅದೇ ಎಲಿ, ಅದೇ ಐದು ಬೆರಳು, ಅಂಚಿಗೆ ಅದೇ ಗರಗಸ. ನನಗಂತ ಕದ್ದು ಪುಂಡಿ ಬೆಳಸ್ಯಾರ ನೋಡು ಅನಿಸ್ತು. ಅಮೇರಿಕಾದ ಈ ಕ್ಯಾಂಟನ್ನಿನಾಗ ಇಪ್ಪತ್ತಾರು ವರ್ಷ ಇದ್ದು ಚಳಿಗಾಲದಾಗ ಒಂದು ಎಲಿ ಪುಂಡಿ ಕಂಡಾಕಿ ಅಲ್ಲ ನಾ. ಉಡಿ ತುಂಬ ಹರಕೊಂಡು ಮ್ಯಾಲೆ ಬಂದೆ. ತೊಳದೆ, ತೊಗರಿಬ್ಯಾಳಿ ಹಾಕಿದೆ, ಹಸಿ ಮೆಣಸಿನಕಾಯಿ ಹಾಕಿದೆ, ಬೆಳ್ಳುಳ್ಳಿ ಜಜ್ಜಿಟ್ಟೆ. ಕುದಿ ಬಂದ್ರೂ ಹುಳಿ ವಾಸನಿ ಬರವಲ್ದು. ಅಷ್ಟ್ರಾಗ ಅವ್ರು ಗ್ವಾಡಿ ಹಿಡಕೊಂಡು ಬಂದು, ಭಾಂಡ್ಯಾಗ ಹಣಿಕಿ ಹಾಕಿ, "ಏನ ಮಾಡಾಕತ್ತೀ ಪ್ರಭಾ!" ಅಂತ ಒದರಿದ್ರು.

"ಪುಂಡಿಪಲ್ಯಾರಿ."

"ಅದು ಪುಂಡಿ ಅಲ್ಲ, ಗಾಂಜಾ."

ಮೂವತ್ನಾಕು ವರ್ಷದಾಗ ನಾ ಎಂದೂ ಅವ್ರ ಹೆಸರು ಹೇಳಿಲ್ಲ. ಇವತ್ತ ಇಲ್ಲಿ ಬರೀತೀನಿ, ಸಿಟ್ಟಿಗೆ: ಪಂಚಾಕ್ಷರಿ. ಗದಗಿನ ಪಂಚಾಕ್ಷರಿ ನನ್ನ ಮನ್ಯಾಗ ಗಾಂಜಾ ಬೆಳಸ್ಯಾನ!

ನವೆಂಬರ್ 9

ಮಾತಾಡಿಲ್ಲ. ಗಂಜಿ ಇಟ್ಟು ಬಂದೆ. ಅರ್ಧ ಉಳಿಸ್ಯಾರ.

ನವೆಂಬರ್ 14. ಶನಿವಾರ

ಇನ್ನೂ ಮಾತಿಲ್ಲ. ನಮ್ಮ ಊರ ಸ್ಟೇಷನ್ ಹಿಂದ ಚಿಲುಮಿ ಸೇದಿ ಬಿದ್ದಿರತಿದ್ರಲ್ಲ, ಆ ಮಂದಿ ನೆನಪಾಗತಾರ. ಅವ್ರ ಮುಖಾನೂ ಇವ್ರ ಮುಖಾನೂ ಒಂದ ಜಗಾದಾಗ ಇಟ್ಟು ನೋಡಾಕ ಆಗವಲ್ದು.

ಮಗಳು ಭಾನು ತನ್ನ ಊರು ಲೊಂಬಾರ್ಡಿನಿಂದ ಫೋನ್ ಮಾಡಿದ್ಳು. ಅಳಕೋತ ಎಲ್ಲಾ ಹೇಳಿದೆ. ಆಕಿ ಬೆಚ್ಚಿ ಬೀಳತಾಳ ಅನ್ಕೊಂಡಿದ್ದೆ. "ಮಮ್ಮೀ, ಐ ನೋ. ಇಟ್ಸ್ ಲೀಗಲ್ ಇನ್ ಮಿಶಿಗನ್ ನೌ. ಡ್ಯಾಡ್ ಹ್ಯಾಸ್ ಎ ಕಾರ್ಡ್" ಅಂದ್ಳು! ಡಾಕ್ಟರು ಸಹಿ ಮಾಡಿ ಕೊಟ್ಟಾರಂತ, ಆ ಜಡ್ಡಿಗೆ ಕೊಡೂ ಔಷಧದಿಂದ ಬರೂ ವಾಂತಿ ಇದರಿಂದ ಹಿಡೀತೈತಂತ. ಹನ್ನೆರಡು ಗಿಡದ ತನಕಾ ಬೆಳಸಬಹುದಂತ, ಖೋಲಿಗೆ ಕೀಲಿ ಇರಬೇಕಂತ. ಅಪ್ಪ ಮಗಳಿಗೆ ಎಲ್ಲಾ ಗೊತ್ತು. ಗೊತ್ತಿಲ್ಲದಾಕಿ ನಾ ಒಬ್ಬಾಕಿ, ಅವನ್ನ ಕುದಿಸಿದಾಕಿ.

"ನನಗ ಯಾಕ ಹೇಳಲಿಲ್ಲ?" ಅಂತ ಕಡೀಕ ಅವ್ರನ್ನ ಕೇಳಿದೆ.

"ಹಿಂಗ ಮಾಡತೀ ಅಂತ."

ಹೇಳಿದ್ದು ಖರೇನ ಇತ್ತು. ಅದಕ ಇನ್ನಷ್ಟು ಸಿಟ್ಟು ಬಂತು.

ನವೆಂಬರ್ 20

ನಿನ್ನೆ ಕೀಮೋದ ಆರನೇ ಡೋಸ್. ಖುರ್ಷೀದನ ಗಂಡ ಯಾಕೂಬ್ ಕರಕೊಂಡು ಹೋಗಿ ಬಂದ್ರು. ಬಾಜೂ ಮನಿಯವ್ರು, ಬಿಜಾಪುರದವ್ರು, ದೇವರಂಥಾ ಮಂದಿ. ನಾನು ಡ್ರೈವ್ ಮಾಡೂದು ಅಂದ್ರ ಇಂಡಿಯನ್ ಸ್ಟೋರ್ ತನಕಾ, ಅದೂ ಹಿಮಾ ಬೀಳದಿದ್ರ. ಫ್ರೀವೇ ನನ್ನ ಕೈಲೆ ಆಗೂದಿಲ್ಲ.

ಡಾಕ್ಟರು ಹೇಳಿದ್ದನ್ನ ಯಾಕೂಬ್ ಹೊಳ್ಳಿ ನನಗ ಹೇಳಿದ್ರು. ಹನ್ನೆರಡು ಡೋಸ್ ಆಗಬೇಕು. ತೂಕ ನೂರಾ ಇಪ್ಪತ್ತು ಪೌಂಡಿನ ಕೆಳಗ ಹೋದ್ರ ನಿಲ್ಲಿಸಿಬಿಡತಾರ, ದೇಹ ತಡಿಯೂದಿಲ್ಲ ಅಂತ. ಬ್ಯಾಸಗಿಯೊಳಗ ನೂರಾ ಅರವತ್ತಿದ್ರು.

ತೂಕ 131. ರಾತ್ರಿ ಏನೂ ಇಲ್ಲ. ಮುಂಜಾನೆ ಎರಡು ಚಮಚ ಗಂಜಿ, ಅದೂ ಉಳೀಲಿಲ್ಲ. ಬಚ್ಚಲದಾಗ ಅವ್ರ ಬೆನ್ನು ತಿಕ್ಕಿದೆ. ಎಲುಬು ಒಂದೊಂದ ಎಣಿಸಬಹುದು.

ಹಾಳಾಗಿ ಹೋಗ್ಲಿ, ಬೆಳಸಲಿ.

ಡಿಸೆಂಬರ್ 2. ಬುಧವಾರ

ಇವತ್ತ ಅವ್ರ ಜೋಡಿ ಕೆಳಗ ಹೋದೆ. ಬೈಲಿಕ್ಕೆ ಅಂತನ ಹೋಗಿದ್ದೆ.

ಬೈಲಿಕ್ಕೆ ಆಗಲಿಲ್ಲ. ಏನ ಮಾಡ್ಯಾರ ಅಂತೀನಿ! ಹೊರಗ ಇಲ್ಲಿನ ಫ್ಯಾರನ್‌ಹೀಟಿನಾಗ ಹದಿನೆಂಟು ಡಿಗ್ರಿ, ಕಿಡಕಿಗೆ ಮಂಜು ಗಟ್ಟಿಯಾಗೈತಿ, ಒಳಗ ಎಪ್ಪತ್ತಾರು. ಗ್ವಾಡಿಗೆಲ್ಲಾ ಬಿಳಿ ಹಾಳಿ, ಬೆಳಕು ಎಲ್ಲೂ ವ್ಯರ್ಥ ಹೋಗಬಾರದು ಅಂತ. ನೆಲದ ಥಂಡಿ ಬೇರಿಗೆ ಹತ್ತಬಾರದು ಅಂತ ಕುಂಡದ ಬುಡಕ್ಕ ಥರ್ಮೊಕೋಲ್. ದೀಪಾ ಸರಪಳಿ ಮ್ಯಾಲೆ ತೂಗಿ ಬಿಟ್ಟಾರ, ಗಿಡ ಏರಿದಂಗ ಅದನ್ನ ಒಂದೊಂದ ಕೊಂಡಿ ಮ್ಯಾಲೆ ಎತ್ತತಾರ. ಸಣ್ಣ ಫ್ಯಾನು ಎಲಿ ಅಲಗಾಡಿಸತೈತಿ. "ಗಾಳಿಗೆ ನಿಲ್ಲೂದು ಕಲೀಬೇಕು ಅವು, ಇಲ್ಲಾಂದ್ರ ಕಾಂಡ ಗಟ್ಟಿ ಆಗೂದಿಲ್ಲ" ಅಂದ್ರು. ಗ್ವಾಡಿಗೆ ಒಂದು ಚಾರ್ಟು: ತಾರೀಖು, ಶಾಖ, ನೀರು, ಎತ್ತರ. ಮೂವತ್ತು ವರ್ಷ ಫ್ಯಾಕ್ಟರಿಯೊಳಗ ಬರದಂಗ, ಅದ ಅಕ್ಷರ. ಆದ್ರ ಅಕ್ಷರ ನಡಗ್ಯಾವ.

ದೀಪದ ಬಿಸಿ ಹೆಚ್ಚಾತೋ ಇಲ್ಲೋ ಅಂತ ಮೀಟರ್ ನೋಡೂದಿಲ್ಲ. ಎಲಿ ಮ್ಯಾಲೆ ಕೈ ಹಿಡೀತಾರ, ಅಂಗೈ ಅಲ್ಲ, ಮುಂಗೈ. "ಅಂಗೈ ಸುಳ್ಳ ಹೇಳತೈತಿ ಪ್ರಭಾ, ದುಡದು ದುಡದು ದಪ್ಪ ಆಗಿರತೈತಿ. ಮುಂಗೈ ಹೇಳೂದು ಖರೆ. ಮಶೀನಿನ ಬೇರಿಂಗ್ ಹಿಂಗ ನೋಡತಿದ್ವಿ." ನನ್ನ ಕೈನೂ ಹಿಡದು ಅಲ್ಲೆ ಇಟ್ರು. ಬೆಚ್ಚಗಿತ್ತು.

ನಿಲ್ಲಾಕ ತ್ರಾಣ ಇಲ್ಲದ ಮನಷಾ ಇಷ್ಟೆಲ್ಲಾ ಯಾವಾಗ ಮಾಡಿದ್ರೋ. ನನ್ನ ಗಂಡ ಅಂತ ಹೇಳಾಕತ್ತಿಲ್ಲ, ಹಂತಾ ಕೈ ಎಲ್ಲರಿಗೂ ಇರೂದಿಲ್ಲ.

ಆರು ದೊಡ್ಡ ಗಿಡಾ ಇವತ್ತ ಬಾಜೂ ಕಪಾಟಿಗೆ ಸರಿಸಿದ್ವಿ. ಇನ್ನ ಅವು ಹೂ ಬಿಡಬೇಕು. ಅದಕ ದಿನಕ್ಕ ಹನ್ನೆರಡು ತಾಸು ಬೆಳಕು, ಹನ್ನೆರಡು ತಾಸು ಗವ್ ಅನ್ನೂ ಕತ್ತಲಿ ಬೇಕಂತ.

ಡಿಸೆಂಬರ್ 9

ಜಗಳ. ತಪ್ಪು ನಂದ, ಆದ್ರ ಮೊದಲ ಹೇಳಬೇಕಿತ್ತು.

ಮುಸ್ಸಂಜಿಗೆ ದೇವರ ಮುಂದ ದೀಪಾ ಹಚ್ಚಿ ಎಲ್ಲಾ ಖೋಲಿಯೊಳಗೂ ಒಂದೀಟು ಬೆಳಕು ತೋರಸೂದು ನನ್ನ ರೂಢಿ. ನಮ್ಮವ್ವ ಕಲಿಸಿದ್ದು. ದೀಪಾ ಹಚ್ಚೂ ಹೊತ್ತಿನಾಗ ಮನಿಯ ಯಾವ ಮೂಲಿನೂ ಕತ್ತಲಿ ಇರಬಾರದು. ಜಡ್ಡಿನ ಮನಷಾ ಇದ್ದ ಮನ್ಯಾಗಂತೂ ಇರಬಾರದು. ಒಂದು ವಾರದಿಂದ ನಿಲಾಂಜನಾ ಹಿಡಕೊಂಡು ಕೆಳಗ ಹೋಗಿ ಆ ಕಪಾಟಿನ ಬಾಗಲಾನೂ ತಗದು ಆರತಿ ಬೆಳಗಿ ಬರಾಕತ್ತಿದ್ದೆ. ಅವಕ್ಕೂ ಒಳ್ಳೇದಾಗಲಿ ಅಂತ!

ಇವತ್ತ ಅವ್ರು ನೋಡಿದ್ರು. "ಅವಕ್ಕದು ರಾತ್ರಿ! ನಡುವ ಬೆಳಕು ಬಿದ್ರ ಹೂವ ಬಿಡೂದಿಲ್ಲ ಅವು!"

"ಮುಸ್ಸಂಜಿಗೆ ಮನ್ಯಾಗ ಕತ್ತಲಿ ಇಡೂದು ಶುಭ ಅಲ್ಲರಿ."

"ಶುಭಾ ಅಶುಭಾ ಗಿಡಕ್ಕ ಗೊತ್ತಿಲ್ಲ."

ನಾ ಅತ್ತೆ. ಅವ್ರಿಗೂ ಕೆಟ್ಟ ಅನಿಸಿರಬೇಕು. ದೀಪದ ಟೈಮರ್ ತಿರುವಿ ಇಟ್ರು. ಇನ್ನ ಮ್ಯಾಲೆ ಅವುಗಳ ಮುಂಜಾನಿ ನಮ್ಮ ಸಂಜಿ ಐದಕ್ಕ. ನಾ ದೇವರ ಮುಂದ ದೀಪಾ ಹಚ್ಚೂ ಹೊತ್ತಿಗೆ ಕೆಳಗೂ ದೀಪಾ ಹತ್ತತಾವ. "ಈಗ ಆತಿಲ್ಲೋ?" ಅಂದ್ರು. ಆತು. ಇಂಥಾ ಮನಷಾಗ ಏನ ಹೇಳೂದು!

ಡಿಸೆಂಬರ್ 18

ತೂಕ 126. ನಾಕು ಚಮಚ ಮಸರು.

ಜನವರಿ 5, 2010

ಅವ್ರಿಗೆ ಇನ್ನ ಮೆಟ್ಲ ಇಳಿಯಾಕ ಆಗೂದಿಲ್ಲ. ನಿನ್ನೆ ಮೂರನೇ ಮೆಟ್ಲಕ್ಕ ಕುಂತುಬಿಟ್ರು. ಎತ್ತಿ ತರೂದ್ರಾಗ ನನಗೂ ಸಾಕಾತು. ಸೋಫಾದ ಮ್ಯಾಲೆ ಮಲಗಿ ಹುಕುಂ ಮಾಡತಾರ, ನಾ ಹೋಗಿ ಮಾಡಿ ಬರತೀನಿ. ದಿನಕ್ಕ ನಾಕು ಸರ್ತಿ ಏರಿಳೀತೀನಿ. ಚಾರ್ಟ್ ನಾನ ಬರೀತೀನಿ. ಎರಡನೇ ಗಿಡಾ ಸೊರಗಿತ್ತು, ಬುಡಕ್ಕ ನೀರ ಹೆಚ್ಚಾಗಿತ್ತು. ಅವ್ರಿಗೆ ಹೇಳೂಕಿಂತ ಮೊದಲ ನನಗ ತಿಳೀತು. ಎರಡು ದಿನ ಒಣಗಿಸಿದೆ, ಎದ್ದು ನಿಂತೈತಿ ನನ್ನ ಬಂಗಾರ.

ವಾಸನಿ ಮಾತ್ರ ಮುಚ್ಚಿಡಾಕ ಆಗವಲ್ದು. ಖುರ್ಷೀದ್ ಬಿಸಿ ಬ್ಯಾಳಿ ಶೋರ್ವಾ ತಂದಿದ್ಳು. ಮೂಗು ಏರಿಸಿ, "ಪ್ರಭಕ್ಕಾ, ಏನ ವಾಸನಿ ಇದು?" ಅಂದ್ಳು. ನಾ ಥಟ್ಟನ ಇಲ್ಲಿನ ಆ ನಾರೂ ಪ್ರಾಣಿ ನೆನಸಿ "ಸ್ಕಂಕ್! ಗರಾಜಿನಾಗ ಹೊಕ್ಕಿತ್ತು" ಅಂದೆ. ಪಾಪ, ಆಕಿ ನಮ್ಮ ಗರಾಜ್ ಎಲ್ಲಾ ಹುಡುಕಿದ್ಳು. ಆಕಿ ಮುಂದ ಸುಳ್ಳ ಹೇಳಿದ್ದು ಇನ್ನೂ ಚುಚ್ಚತೈತಿ.

ನಾಡದು ಡೋಸ್. ಯಾಕೂಬ್‌ಗ ಕೆಲಸ ಐತಿ, ನಾನ ಕರಕೊಂಡು ಹೋಗತೀನಿ. 275 ಫ್ರೀವೇ ಹಿಡದು ಹೋದ್ರ ಹದಿನೆಂಟು ಮೈಲಿ.

ಜನವರಿ 13. ಬುಧವಾರ

ಮುಂಜಾನೆ ಎಂಟಕ್ಕ ಮಂಜಿನ ಭಾರಕ್ಕ ಟೊಂಗಿ ಮುರದು ವಾಯರ್ ಮ್ಯಾಲೆ ಬಿತ್ತು. ಇಡೀ ಸಬ್‌ಡಿವಿಜನ್ನಿಗೆ ಕರೆಂಟ್ ಇಲ್ಲ. ಹೊರಗ ಒಂಬತ್ತು ಡಿಗ್ರಿ. ಮನಿ ಬಿಸಿ ಇಡೂ ಫರ್ನೆಸ್ ನಿಂತಿತು. ಎರಡು ತಾಸಿನಾಗ ಕೆಳಗಿನ ಖೋಲಿ ಐವತ್ತೆರಡಕ್ಕ ಇಳೀತು. ಹೂವಿಗೆ ಅಂತ ಇಟ್ಟು ಆರು ವಾರ ಆಗಾಕ ಬಂತು, ಈಗ ಥಂಡಿ ಹೊಡದ್ರ ಎಲ್ಲಾ ಹ್ವಾದ್ವು. ಮತ್ತ ಬೆಳಸಾಕ ನಾಕು ತಿಂಗಳು ಬೇಕು. ನಮ್ಮ ಹತ್ರ ನಾಕು ತಿಂಗಳ ಎಲ್ಲೈತಿ?

ಅವ್ರು ಸೋಫಾದಿಂದ ಏಳಾಕ ನೋಡಿದ್ರು. "ಸುಮ್ಮ ಮಲಗ್ರಿ" ಅಂತ ಗದರಿಸಿದೆ. ಹನ್ನೆರಡೂ ಕುಂಡಾ ಒಂದೊಂದಾಗಿ ಎತ್ತಿ ಅವ್ರ ಸುತ್ತಲೂ ತಂದಿಟ್ಟೆ. ಹೂವಿನ ಆರಕ್ಕೂ ಕತ್ತಲಿ ಇರಲಿ ಅಂತ ಕರಿ ಕಂಬಳಿ ಹೊದಿಸಿದೆ. ಬಾಟಲಿಯೊಳಗ ಬಿಸಿನೀರ ತುಂಬಿ ನಡುವ ಇಟ್ಟೆ. ಗ್ಯಾಸ್ ಒಲಿ ಇದ್ದದ್ದಕ್ಕ ನೀರ ಬಿಸಿ ಆತು. ಒಂದ ಕಂಬಳಿಯೊಳಗ ಅವ್ರ ಕಾಲೂ ಗಿಡಾನೂ. ಮುಂಗೈ ಹಚ್ಚಿ ನೋಡೂದು, ಬಾಟಲಿ ಬದಲಸೂದು. ಅವ್ರು ನನ್ನನ್ನ ನೋಡಕೋತ ಮಲಗಿದ್ರು.

ಬಿಸಿನೀರ ಸಾಲಲಿಲ್ಲ ಅಂತ ಖುರ್ಷೀದನ ಮನಿಗೆ ಓಡಿದೆ, ಅವ್ರ ಹತ್ರ ಜನರೇಟರ್ ಐತಿ. ಬಾಗಲಾ ತಗದಾಕಿ ನನ್ನ ಸ್ವೆಟರಿಗೆ ಸಿಕ್ಕಿದ್ದ ಒಂದು ಎಲಿ ತಗದು ಹಿಡದು, ಮುಖಾ ಅರಳಿಸಿ, "ಅಕ್ಕಾ! ಪುಂಡಿ ಹಚ್ಚೀರೇನ್ರಿ ಮನ್ಯಾಗ? ನನಗೊಂದ ಮುಟಿಗಿನರ ಕೊಡಬಾರದಾಗಿತ್ತಾ?" ಅಂದ್ಳು.

ಆ ಥಂಡ್ಯಾಗ ನಿಂತು ನಾ ನಕ್ಕೆ. ನಕ್ಕು ನಕ್ಕು ಅತ್ತೆ. ಅತ್ತು ಎಲ್ಲಾ ಹೇಳಿದೆ. ಉಡಿ ತುಂಬ ಹರದು ಕುದಿಸಿದ್ದನ್ನೂ ಹೇಳಿದೆ. ಆಕಿ ಬಾಯಿ ಮ್ಯಾಲೆ ಸೆರಗ ಇಟ್ಕೊಂಡು ಕೇಳಿದ್ಳು. "ಸ್ಕಂಕ್ ಅಂದ್ರಿ ನನಗ," ಅಂದ್ಳು ಕಡೀಕ. ಮತ್ತ, "ಔಷಧಾ ಅಂದಮ್ಯಾಲೆ ಔಷಧಾ ಅಕ್ಕಾ, ಅದರಾಗ ನಾಚಿಕಿ ಏನು?" ಯಾಕೂಬ್ ಜನರೇಟರ್ ಎಳಕೊಂಡು ಬಂದ್ರು. ಗಿಡಾ ಕಂಡು "ಮಾಶಾ ಅಲ್ಲಾ, ಎಷ್ಟು ಚಂದ ಬಂದಾವ" ಅಂದವ್ರ, ಏನಂದೆ ಅಂತ ತಾವ ಗಾಬರಿ ಆದ್ರು.

ಸಂಜಿಗೆ ಕರೆಂಟ್ ಬಂತು. ಒಂದೂ ಸತ್ತಿಲ್ಲ.

ಜನವರಿ 14. ಸಂಕ್ರಾಂತಿ

ಎಳ್ಳು ಬೆಲ್ಲ ಕೊಡಾಕ ಹೋದಾಗ ಖುರ್ಷೀದ್ ಒಂದು ಪೇಪರ್ ಪುಡಿಕಿ ಕೊಟ್ಟಳು. ಪುಂಡಿ ಬೀಜ. ಹ್ವಾದ ಬ್ಯಾಸಗಿ ಆಕಿ ಹಿತ್ತಲದಾಗ ಬಿಟ್ಟದ್ದು. "ಕೆಳಗ ಅಷ್ಟು ಬೆಳಕೈತಿ, ಖರೇ ಪುಂಡಿನೂ ಒಂದು ಹಚ್ಚಿ ನೋಡ್ರಿ" ಅಂದ್ಳು.

ಒಂದು ದೊಡ್ಡ ಕುಂಡದಾಗ ಒತ್ತಾಗಿ ಚೆಲ್ಲಿ ಮೂಲ್ಯಾಗ ಇಟ್ಟೆ. ಅವ್ರಿಗೆ ಹೇಳಿಲ್ಲ. ಬರದಿದ್ರ ಸುಮ್ಮನ ಆಶಾ ತೋರಿಸಿದಂಗ ಆಗತೈತಿ.

ತೂಕ 124.

ಫೆಬ್ರವರಿ 6

ಹೂವಿನ ಆರೂ ಗಿಡಾ ಕೊಯ್ದೆ. ಅವ್ರು ಮ್ಯಾಲಿಂದ ಭೂತಗನ್ನಡಿ ಕೊಟ್ಟು ಕಳಿಸಿ, ಹೂವಿನ ಮ್ಯಾಲಿನ ಹನಿ ಎಂಥಾ ಬಣ್ಣ ಆಗ್ಯಾವ ನೋಡಿ ಹೇಳು ಅಂದಿದ್ರು. ಹಾಲಿನ ಬಣ್ಣ, ಅಲ್ಲಲ್ಲೆ ಜೇನಿನ ಬಣ್ಣ. ಒಂದು ಟೊಂಗಿ ಮ್ಯಾಲೆ ಒಯ್ದು ತೋರಿಸಿದೆ. ತಿರುವಿ ತಿರುವಿ ನೋಡಿ, "ನಾ ಮಾಡಿದ್ರೂ ಇಷ್ಟು ಚಂದ ಬರತಿರಲಿಲ್ಲ" ಅಂದ್ರು. ಮದಿವ್ಯಾದ ಮ್ಯಾಲೆ ನನ್ನ ಕೆಲಸಕ್ಕ ಅವ್ರು ಕೊಟ್ಟ ಮೊದಲನೇ ಸರ್ಟಿಫಿಕೇಟು. ಅಡಿಗಿಗೂ ಕೊಟ್ಟಿರಲಿಲ್ಲ.

ಆರು ಹೊಸಾ ಸಸಿ ಹಚ್ಚೇನಿ. ಮತ್ತ ಹನ್ನೆರಡು ತುಂಬಿದ್ವು. ಪುಂಡಿ ಒಂದು ಗೇಣು ಬಂದೈತಿ.

ಫೆಬ್ರವರಿ 20. ಶನಿವಾರ

ಬೀಡಿ ಸಿಗರೇಟು ಮುಟ್ಟದ ಮನಷಾ ಅವ್ರು. ಅದಕ ಒಣಗಿಸಿದ ಹೂವ ತುಪ್ಪದಾಗ ಹಾಕಿ, ಡಾಕ್ಟರು ಹೇಳಿದಷ್ಟ ಕೊಡಾಕತ್ತು ಐದು ದಿನ ಆತು. ವಾಂತಿ ನಿಂತೈತಿ! ಐದು ದಿನದಾಗ ಒಂದು ಸರ್ತಿನೂ ಇಲ್ಲ. ಮಲಗಿದ್ರ ನಿದ್ದಿ ಹತ್ತತೈತಿ. ಖುರ್ಷೀದಗ ಫೋನ್ ಮಾಡಿ ಕುಣದಾಡಿಬಿಟ್ಟೆ.

ಆದ್ರ ತಿನ್ನವಲ್ರು. ಒಳಗ ಹ್ವಾದದ್ದು ಉಳೀತೈತಿ, ಒಳಗ ಹೋಗಬೇಕಲ್ಲ? "ಏನ ಬಾಯಾಗ ಇಟ್ರೂ ತುಕ್ಕು ನೆಕ್ಕಿದಂಗ ಆಗತೈತಿ ಪ್ರಭಾ. ಉಪ್ಪಿಲ್ಲ, ಸಿಹಿ ಇಲ್ಲ. ಬರೇ ಕಬ್ಬಿಣ." ಉಪ್ಪಿಟ್ಟು ಮಾಡಿದೆ, ಗೋಧಿ ಹುಗ್ಗಿ ಮಾಡಿದೆ, ಭಾನು ತನ್ನ ಕಡೆ ಡೆವನ್ ಅವೆನ್ಯೂದ ಇಂಡಿಯನ್ ಅಂಗಡಿಂದ ಮಿಠಾಯಿ ಕಳಿಸಿದ್ಳು. ಎಲ್ಲಾ ಕಬ್ಬಿಣ.

ತೂಕ 121.

ಮಾರ್ಚ್ 4

ತೂಕ 120. ಸೋಮವಾರ ಹನ್ನೆರಡನೇ ಡೋಸ್. ಕಡೀದು. ಡಾಕ್ಟರು ತೂಕದ ಮಶೀನಿನ ಮ್ಯಾಲೆ ನಿಲ್ಲಿಸೇ ನಿಲ್ಲಸತಾರ. ಇದೊಂದು ಆಗಲಿಲ್ಲ ಅಂದ್ರ ಕ್ಯಾನ್ಸರ್ ಹೊಳ್ಳಿ ಬರೂದು ಹೆಚ್ಚಂತ.

ಮಾರ್ಚ್ 6

119 ಮುಕ್ಕಾಲು. ಎರಡು ಸರ್ತಿ ನಿಲ್ಲಿಸಿ ನೋಡಿದೆ.

ಮಾರ್ಚ್ 7. ರವಿವಾರ

ಹನ್ನೊಂದರ ಸುಮಾರಿಗೆ ನಾ ಹಿಮಾ ಸರಸಾಕ ಹೊರಗ ಹೋಗಿದ್ದೆ. ಒಳಗ ಬಂದ್ರ ಸೋಫಾ ಖಾಲಿ. ಬಚ್ಚಲದಾಗಿಲ್ಲ. ಬೇಸ್‌ಮೆಂಟ್ ಬಾಗಲಾ ತೆಗದಿತ್ತು. ಎರಡು ತಿಂಗಳಾತು ಅವ್ರು ಮೆಟ್ಲ ಇಳದು.

ಓಡಿ ಹೋದ್ರ, ಖೋಲಿಯೊಳಗ ಗ್ವಾಡಿಗೆ ಒರಗಿ ನಿಂತಾರ. ಮುಂದ ಹದಿಮೂರನೇ ಕುಂಡ. ಒಂದು ಪುಂಡಿ ಗಿಡಾ ಬೇರು ಸಮೇತ ಕಿತ್ತು ಕೈಯಾಗ ಹಿಡದಾರ, ಇನ್ನೊಂದಕ್ಕ ಕೈ ಹಾಕ್ಯಾರ.

"ಪಂಚಾಕ್ಷರೀ! ಏನ ಮಾಡಾಕತ್ತೀರಿ!"

ಹೆಸರು ಬಾಯಿಂದ ಹೊರಗ ಬಿದ್ದಬಿಟ್ಟಿತ್ತು. ಅವ್ರು ಗಿಡಾ ಹಿಡಕೊಂಡ ನನ್ನ ಕಡೆ ಹೊಳ್ಳಿದ್ರು.

"ಹದಿಮೂರು ಅದಾವ," ಅಂದ್ರು. "ಎಣಿಸಿದೆ. ಕಾಯ್ದೆ ಹನ್ನೆರಡು ಪ್ರಭಾ. ಈ ಮನಿ ಹೆಸರ ಕೆಡತೈತಿ. ನಾ ಹ್ವಾದ ಮ್ಯಾಲೆ ನೀ ಒಬ್ಬಾಕಿ ಪೊಲೀಸ್ರಿಗೆ ಉತ್ತರಾ ಹೇಳಬೇಕಾಗತೈತಿ..."

ಅದಕ ಇಳದಾರ. ತಾವ ಹ್ವಾದ ಮ್ಯಾಲೆ ನನಗ ತ್ರಾಸ ಆಗಬಾರದು ಅಂತ ಎಣಿಸಾಕ ಇಳದಾರ. ನನಗ ಸಿಟ್ಟು ಬಂತೋ ಅಳು ಬಂತೋ ತಿಳೀಲಿಲ್ಲ. ಅವ್ರ ಕೈಯಾಗಿನ ಗಿಡದಿಂದ ಒಂದು ಎಳೀ ಎಲಿ ಹರದು, ನನ್ನ ಸ್ವೆಟರಿಗೆ ಒರಸಿ, ಬಾಯಾಗ ತುರಕಿದೆ.

"ತಿನ್ರಿ."

"ಹಸೀದು?"

"ತಿನ್ರಿ ಅಂದೆ."

ಅಗದ್ರು. ಒಂದು ಸರ್ತಿ, ಎರಡು ಸರ್ತಿ. ಮುಖಾ ಕಿವಿಚಿದ್ರು. ಕಣ್ಣ ಮುಚ್ಚಿದ್ರು, ನುಂಗಿದ್ರು. ಮತ್ತ ಕಣ್ಣ ತಗದು ಕೈಯಾಗಿನ ಗಿಡಾ ನೋಡಿದ್ರು, ನನ್ನ ನೋಡಿದ್ರು.

"ಹುಳಿ," ಅಂದ್ರು. "ಪ್ರಭಾ, ಹುಳಿ ಐತಿ ಇದು."

ಐದು ತಿಂಗಳಿಂದ ಕಬ್ಬಿಣ ಬಿಟ್ಟು ಬ್ಯಾರೆ ಏನೂ ಹತ್ತದ ನಾಲಿಗಿ ಅದು. ಕೆಳಗ ಕುಂತಬಿಟ್ರು. ಇನ್ನೊಂದು ಎಲಿ ತಾವ ಹರದು ತಿಂದ್ರು. ಮೂರನೇದು ತಿಂದ್ರು. ಅಚ್ಚಿನ ಇಂಜಿನಿಯರು, ಗದಗಿನವ್ರು, ಪುಂಡಿ ಗುರುತು ಹಿಡೀಲಿಲ್ಲ ಅಂತ ಚಾಷ್ಟಿ ಮಾಡಿದೆ. "ನೀ ಹಿಡದಿದ್ದೇನು?" ಅಂದ್ರು. ಇಬ್ರೂ ನೆಲದ ಮ್ಯಾಲೆ ಕುಂತು ನಕ್ವಿ. ಮುಂಗೈ ಹಚ್ಚಿ ಅವ್ರ ಗಲ್ಲಾ ನೋಡಿದೆ. ಬೆಚ್ಚಗಿತ್ತು.

ಎಲ್ಲಾ ಗಿಡಾ ಬೋಳಿಸಿದೆ. ಬ್ಯಾಳಿ, ನುಚ್ಚು, ಹಸಿ ಮೆಣಸಿನಕಾಯಿ, ಮ್ಯಾಲೆ ಬೆಳ್ಳುಳ್ಳಿ ಒಗ್ಗರಣಿ. ಕುದಿ ಬಂದ ಕೂಡಲೆ ಮನಿ ತುಂಬ ಆ ಹುಳಿ ವಾಸನಿ. ಜ್ವಾಳದ ರೊಟ್ಟಿ ಬಡದೆ. ಮಧ್ಯಾಹ್ನ ಒಂದೂವರಿ ರೊಟ್ಟಿ. ನಾಕು ಗಂಟೆಕ್ಕ, ತಾವ ಕೇಳಿ, ಅರ್ಧ. ಸಂಜಿಗೆ ಕೆಳಗ ದೀಪಾ ಹತ್ತೂ ಹೊತ್ತಿಗೆ ಮತ್ತೊಂದು. ಖುರ್ಷೀದಗ ಅಂತ ಒಂದು ಬಟ್ಟಲ ತಗದಿಟ್ಟಿದ್ದೆ, ಅದನ್ನೂ ಬಿಡಲಿಲ್ಲ.

ಮಾರ್ಚ್ 8

ತೂಕ 121. ಹನ್ನೆರಡನೇ ಡೋಸ್ ಕೊಟ್ರು.

ಬರೂವಾಗ 275ರ ಮ್ಯಾಲೆ ಹಿಮಾ ಬೀಳಾಕತ್ತಿತ್ತು. ಬಾಜೂ ಸೀಟಿನಾಗ ಮಲಗಿದಾವ್ರು ಕಣ್ಣ ಮುಚ್ಚಿಕೊಂಡ, "ಇನ್ನೊಮ್ಮೆ ಹೇಳು," ಅಂದ್ರು.

"ಏನು?"

"ನಿನ್ನೆ ಒದರಿದ್ಯಲ್ಲ, ಅದು."

"ಸುಮ್ಮ ಕುಂದರ್ರಿ, ಎಕ್ಸಿಟ್ ತಪ್ಪತೈತಿ" ಅಂದೆ.

ಖುರ್ಷೀದನ ಕಡೆ ಬೀಜಾ ಇಸ್ಕೊಂಡು ಬಂದೇನಿ. ಎರಡು ಕುಂಡಾ ಹಚ್ಚಬೇಕು.